ಪದಚರ್ಚೆ: ಶೆಲ್‌ನ ‘ಟೀ’ಗೆ ‘ಕವಲು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಡಿಪ್ಲೊಮಾ ಓದುವವರಿಗಾಗಿ ಲಿನಕ್ಸ್ ಶೆಲ್ (ನಾವು ಟೈಪ್ ಮಾಡಿದ ಕಮಾಂಡ್‌ಗಳನ್ನು ಓದಿ ನಡೆಸುವ ಪ್ರೋಗ್ರಾಮ್) ಬಗ್ಗೆ ಕನ್ನಡದಲ್ಲಿ ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಕಮಾಂಡ್‌ನ ಔಟ್‌ಪುಟ್ಟನ್ನು ಬೇಕಾದ ಕಡೆ ಕಳಿಸುವ ಅಧ್ಯಾಯದಲ್ಲಿ ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ಇಲ್ಲಿ ನೀರಿನ ಪದಗಳೇ ಚೆನ್ನಾಗಿ ಹೊಂದುತ್ತವೆ. ಲಿನಕ್ಸ್‌ಗೆ ಮಾದರಿಯಾದ ಯೂನಿಕ್ಸ್‌ಗೆ ಪೈಪ್ (ಒಂದು ಕಮಾಂಡ್‌ನ ಔಟ್‌ಪುಟ್ಟನ್ನು ಇನ್ನೊಂದಕ್ಕೆ ಕೊಡುವ ಜೋಡಣೆ, ಈಗ ‘|’ ಎಂದು ಬರೆಯುವುದು) ಬಂದದ್ದು 1973ರಲ್ಲಿ. ಆದರೆ ಬೆಲ್ ಲ್ಯಾಬ್ಸ್‌ನ ಡಗ್ ಮ್ಯಾಕ್‌ಇಲ್‌ರಾಯ್ 1964ರಲ್ಲೇ, ತೋಟದ ಹೋಸ್ ಪೈಪಿಗೆ ಇನ್ನೊಂದು ತುಂಡು ಸೇರಿಸುವ ಹಾಗೆ ಪ್ರೋಗ್ರಾಮ್‌ಗಳನ್ನೂ ಜೋಡಿಸುವಂತಿರಬೇಕು ಎಂದು ಬರೆದಿದ್ದರು. ಹಾಗಾಗಿ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ (ಕಮಾಂಡ್‌ನ ಮಾಮೂಲಿ ಫಲಿತಾಂಶ ಹೊರಬರುವ ದಾರಿ) ‘ಹೊರಹರಿವು’ ಎಂದಿಟ್ಟಿದ್ದೇನೆ. ಮಳೆಗಾಲದಲ್ಲಿ ಕೆಆರ್‌ಎಸ್ ಸುದ್ದಿ ಓದುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ರೀಡೈರೆಕ್ಟ್‌ಗೆ (‘>’ ಹಾಕಿ ಔಟ್‌ಪುಟ್ಟನ್ನು ಫೈಲಿಗೆ ಕಳಿಸುವುದು) ‘ಮರುನಿರ್ದೇಶನ’ ಬೇಡವೇ ಬೇಡ. ಗದ್ದೆಗೆ ನೀರು ತಿರುಗಿಸುತ್ತೇವಲ್ಲ, ಆ ‘ತಿರುಗಿಸು’ ಸಾಕು.

ತೊಡಕು ಶುರುವಾಗುವುದು, ಬಂದ ಔಟ್‌ಪುಟ್ಟನ್ನು ಪರದೆಗೂ ಫೈಲಿಗೂ ಕಳಿಸುವ ‘ಟೀ’ ಕಮಾಂಡ್‌ನಲ್ಲಿ. ಪ್ಲಂಬರ್‌ಗಳ ಟೀ ಜಾಯಿಂಟ್‌ನಿಂದಲೇ ಈ ಕಮಾಂಡ್‌ಗೆ ಹೆಸರು ಬಂದದ್ದು. ತಕ್ಷಣ ಹೊಳೆಯುವ ಪದ ‘ಕವಲು’. ಆದರೆ ಕವಲು ನಾಲೆಯಲ್ಲಿ ನೀರು ಹಂಚಿಹೋಗುತ್ತದೆ, ಟೀಯಲ್ಲಿ ಹಾಗಲ್ಲ. ಪರದೆಗೂ ಪೂರ್ತಿ, ಫೈಲಿಗೂ ಪೂರ್ತಿ. ರೂಟ್ (ನಿರ್ವಾಹಕ) ಅನುಮತಿ ಬೇಕಾದ ಫೈಲಿಗೆ ಬರೆಯಲು ‘| ಸುಡೋ ಟೀ ಫೈಲ್’ ಬಳಸುವುದೂ ಇದೆ. ಸುಡೋ ಒಂದು ಕಮಾಂಡನ್ನು ಆ ಅನುಮತಿಯಲ್ಲಿ ನಡೆಸುತ್ತದೆ. ಸುಮ್ನೆ ‘ಸುಡೋ ಎಕೋ’ (ಎಕೋ ಅಂದರೆ ಕೊಟ್ಟ ಪಠ್ಯವನ್ನು ಹೊರಗೆ ಕಳಿಸುವ ಕಮಾಂಡ್) ಹಾಕಿ ಮುಂದೆ ‘>’ ಬರೆದರೆ ಆಗುವುದಿಲ್ಲ, ಯಾಕೆಂದರೆ ಅಲ್ಲಿ ಫೈಲ್ ತೆರೆಯುವುದು ಸುಡೋ ಅಲ್ಲ, ನಮ್ಮದೇ ಶೆಲ್.

ನನಗೆ ಜಾಸ್ತಿ ಮುಖ್ಯ ಅನಿಸುವುದು 2>&1. 1 ಅಂದರೆ ಹೊರಹರಿವು, 2 ಅಂದರೆ ಎರರ್ ಸಂದೇಶಗಳ ಹರಿವು. 2>&1 ಅನ್ನು ಸಾಮಾನ್ಯವಾಗಿ ‘ಎರರ್‌ಗಳನ್ನು ಔಟ್‌ಪುಟ್‌ಗೆ ಸೇರಿಸು’ ಎಂದು ವಿವರಿಸುತ್ತಾರೆ. ಸೇರಿಸುವುದೇ ಆದರೆ ಹಿಂದೆ ಬರೆದರೇನು, ಮುಂದೆ ಬರೆದರೇನು ಅನಿಸುತ್ತದೆ ಅಲ್ವಾ? ಆದರೆ ‘> ಫೈಲ್ 2>&1’ ಅಂದರೆ ಎರಡೂ ಫೈಲಿಗೆ ಹೋಗುತ್ತವೆ. ‘2>&1 > ಫೈಲ್’ ಅಂದರೆ ಎರರ್ ಪರದೆಯ ಮೇಲೇ ಬರುತ್ತದೆ. ಶೆಲ್ ಇವನ್ನು ಎಡದಿಂದ ಬಲಕ್ಕೆ ಓದುತ್ತದೆ. ‘1 ಈಗ ಎಲ್ಲಿಗೆ ಹರಿಯುತ್ತಿದೆಯೋ 2 ಕೂಡ ಅಲ್ಲಿಗೇ ಹರಿಯಲಿ’ ಎಂಬುದು 2>&1ರ ಅರ್ಥ. ಆಮೇಲೆ 1 ಬೇರೆ ಕಡೆ ತಿರುಗಿದರೂ 2 ಅಲುಗುವುದಿಲ್ಲ. ಆದ್ದರಿಂದ ‘ಹಿಂಬಾಲಿಸು’ ಕೂಡ ಆಗದು.

ಈ ಕ್ರಮ ತಿಳಿದರೆ ಒಂದು ಒಳ್ಳೆಯ ಉಪಾಯ ಸಿಗುತ್ತದೆ. ‘2>&1 > /ಡೆವ್/ನಲ್ | ಗ್ರೆಪ್’ ಎಂದು ಬರೆದರೆ ಪೈಪಿನೊಳಗೆ ಎರರ್ ಮಾತ್ರ ಹೋಗುತ್ತದೆ. (/ಡೆವ್/ನಲ್ ಅಂದರೆ ಬಂದದ್ದನ್ನೆಲ್ಲ ಎಸೆದುಬಿಡುವ ಜಾಗ, ಗ್ರೆಪ್ ಅಂದರೆ ಬೇಕಾದ ಸಾಲು ಹುಡುಕುವ ಕಮಾಂಡ್.) ಪೈಪ್ ಮೊದಲೇ ಜೋಡಣೆಯಾಗಿರುತ್ತದೆ, 2 ಅದನ್ನು ಹಿಡಿಯುತ್ತದೆ, ಆಮೇಲೆ 1 ನಲ್‌ಗೆ ತಿರುಗುತ್ತದೆ. ‘ಸೇರಿಸು’ ಎಂದು ಕಲಿತವರಿಗೆ ಇದು ಅರ್ಥವಾಗುವುದು ಕಷ್ಟ.

ಕೊನೆಯದು ಬ್ಯಾಶ್ ಎಂಬ ಶೆಲ್‌ನ ಪ್ರೋಸೆಸ್ ಸಬ್‌ಸ್ಟಿಟ್ಯೂಷನ್, ಅಂದರೆ ಫೈಲ್ ಹೆಸರಿನ ಜಾಗದಲ್ಲಿ ಒಂದು ಕಮಾಂಡ್‌ನ ಔಟ್‌ಪುಟ್ ಕೊಡುವುದು. ಡಿಫ್ ಎರಡು ಫೈಲ್‌ಗಳ ವ್ಯತ್ಯಾಸ ತೋರಿಸುತ್ತದೆ, ಸಾರ್ಟ್ ಸಾಲುಗಳನ್ನು ಕ್ರಮವಾಗಿ ಜೋಡಿಸುತ್ತದೆ. ‘ಡಿಫ್ <(ಸಾರ್ಟ್ ಹಳೆಪಟ್ಟಿ) <(ಸಾರ್ಟ್ ಹೊಸಪಟ್ಟಿ)’ ಎಂದರೆ ತಾತ್ಕಾಲಿಕ ಫೈಲ್ ಮಾಡುವ ಕೆಲಸವಿಲ್ಲ. ಡಿಫ್ ಕೈಗೆ /ಡೆವ್/ಎಫ್‌ಡಿ/63 ತರಹದ ಹೆಸರು ಸಿಗುತ್ತದೆ, ಅದು ಫೈಲ್ ಎಂದೇ ಓದಿಕೊಳ್ಳುತ್ತದೆ. ಇದಕ್ಕೆ ‘ಫೈಲ್‌ವೇಷ’ ಎಂದರೆ ಹೇಗೆ? ಯಕ್ಷಗಾನದ ಊರಿನವರಿಗೆ ಇಷ್ಟವಾಗಬಹುದು, ಆದರೆ ಬೇರೆಯವರಿಗೆ ‘ವೇಷ’ದಲ್ಲಿ ಮೋಸದ ಅರ್ಥ ಕೇಳಿಸುತ್ತದಾ?

‘ಟೀ’ಯನ್ನು ಟೀ ಎಂದೇ ಬಿಟ್ಟು, ಪಕ್ಕದಲ್ಲಿ ‘ಫೈಲಿಗೂ ಒಂದು ಪ್ರತಿ’ ಎಂದು ವಿವರಿಸೋಣ ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತಿದೆ. ಆದರೆ 2>&1ಗೆ ಕ್ರಿಯಾಪದ ಬೇಕೇ ಬೇಕು. ‘1ರ ದಾರಿಗೆ ಬಿಡು’ ಎನ್ನುವುದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ದಯವಿಟ್ಟು ಬರೆಯಿರಿ.