ಸಹಾಯ ಬೇಕು: ಜವಾರಿ ಅವರೆ ಬೀಜಕ್ಕೆ ಎಣ್ಣೆಯೋ, ಬೂದಿಯೋ, ಫ್ರೀಜರೋ?

ಕೊಪ್ಪಳದ ಹಿತ್ತಲಲ್ಲಿ ಬೆಳೆದ ಜವಾರಿ ಅವರೆ, 2 ಕೆಜಿ ಬೀಜ. ಮುಂಗಾರಿನವರೆಗೆ ಕಾಯ್ದಿಡಬೇಕು. ಬಳ್ಳಿಯಲ್ಲೇ ಒಣಗಿ ಗಿಲಕಿಯಂತೆ ಸದ್ದು ಮಾಡುವ ಕಾಯಿಗಳನ್ನಷ್ಟೇ ಬಿಡಿಸಿದ್ದು. ಎಲೆ ಮುಟುರಿದ ಬಳ್ಳಿಯವು ಬೇರೆ, ಅವು ಅಡುಗೆಗೆ. ನೆರಳಲ್ಲಿ 10 ದಿನ ಒಣಗಿವೆ; ಹಲ್ಲಲ್ಲಿ ಕಚ್ಚಿದರೆ ಗುರುತು ಬೀಳದೆ ಕಟ್ಟನೆ ಒಡೆಯುತ್ತವೆ.

ತೊಡಕು ಇಷ್ಟೇ: ಕೆಲವು ಬೀಜದ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಅಂಟಿವೆ, ಉಗುರಲ್ಲಿ ಕೆರೆದರೆ ಏಳುತ್ತವೆ. ಕಾಳುದುಂಬಿಯ ಮೊಟ್ಟೆ, ಅನುಮಾನವಿಲ್ಲ. ಮರಿ ನೇರ ಬೀಜದೊಳಗೆ ಕೊರೆದು ಹೋಗುತ್ತೆ. ತೂತು ಕಾಣುವ ಹೊತ್ತಿಗೆ ಒಳಗೆಲ್ಲ ಪೊಳ್ಳು, ಹಾಗಾಗಿ ಆರಿಸಿ ತೆಗೆದರೆ ಸಾಲದು.

ಕೆಜಿಗೆ 5 ಮಿಲಿ ಎಣ್ಣೆ ಸವರಿದರೆ ಮೊಟ್ಟೆ ಸಾಯುತ್ತವೆ, ಆದರೆ ಆಗಲೇ ಒಳಹೊಕ್ಕ ಮರಿಗೆ ಅದು ಅಷ್ಟಾಗಿ ತಟ್ಟಲ್ಲ. ಜರಡಿ ಹಿಡಿದ ಬೂದಿಯದೂ ಅದೇ ಕಥೆ. ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿಗೆ ಒಂದು ವಾರ ಇಟ್ಟರೆ ಮರಿಯೂ ಸಾಯುತ್ತೆ. ಬೀಜ ಹಸಿ ಇದ್ದರೆ ಮಾತ್ರ ಮೊಳಕೆಯೂ ಹೋಗುತ್ತೆ. ತೆಗೆದ ಕೂಡಲೇ ಡಬ್ಬಿ ಮುಚ್ಚಳ ಬಿಚ್ಚಿದರೆ ಬೀಜ ಬೆವರುತ್ತೆ, ಅದೂ ಕೇಡು.

ಕೇಳೋದು ಎರಡು. ಮನೆ ಫ್ರಿಜ್ಜಿನ ಸಣ್ಣ ಫ್ರೀಜರ್‌ಗೆ, ದಿನಾ ಕರೆಂಟ್ ಹೋಗುವಲ್ಲಿ, ಎಷ್ಟು ದಿನ ಹೆಚ್ಚು ಇಡ್ತೀರಿ? ಆಮೇಲೆ ಒದ್ದೆ ಬಟ್ಟೆಯಲ್ಲಿ 20 ಬೀಜ ಸುತ್ತಿಟ್ಟಾಗ ಎಷ್ಟು ಮೊಳೆತವು? ರಾಯಚೂರು, ಬಳ್ಳಾರಿ ಕಡೆಯವರು ಲೆಕ್ಕ ಸಮೇತ ಹೇಳಿ.