‘ಸೂಫಿ ನೃತ್ಯ’ವೋ ‘ಸಮಾ’ವೋ: ಬಳಕೆಯ ಬಗ್ಗೆ ಒಂದು ವಿಚಾರಣೆ

ಮಾನ್ಯರೆ,

ಶಿವಮೊಗ್ಗದ ನಮ್ಮ ಓದುಗರ ಬಳಗ ಹೊರತರಲಿರುವ ಕಿರುಹೊತ್ತಗೆಗಾಗಿ ತುರ್ಕಿಯ ಮೆವ್ಲೆವಿ ಸೂಫಿಗಳ, ಅಂದರೆ ಸೂಫಿ ಕವಿ ರೂಮಿಯ ಪರಂಪರೆಯವರ, ಬಗ್ಗೆ ಬರೆಯುತ್ತಿದ್ದೇನೆ. ಅವರು ಸುತ್ತುತ್ತ ನಡೆಸುವ ಆಚರಣೆಗೆ ಪತ್ರಿಕೆಗಳಲ್ಲಿ ರೂಢಿಯಾಗಿರುವ ‘ಸೂಫಿ ನೃತ್ಯ’ ಎಂಬ ಮಾತನ್ನು ಬಳಸಲು ನನ್ನ ಮನಸ್ಸು ಒಪ್ಪುತ್ತಿಲ್ಲ.

ಅರಬ್ಬಿಯ ‘ಸಮಾ’ ಎಂದರೆ ಆಲಿಸುವುದು. ತುರ್ಕರ ಬಾಯಲ್ಲಿ ಅದು ‘ಸೆಮಾ’. ನೇಯ್ ಎಂಬ ಕೊಳಲಿನ ನಾದಕ್ಕೆ ಕಿವಿಗೊಟ್ಟು, ಬಲಗೈಯನ್ನು ಆಕಾಶಕ್ಕೂ ಎಡಗೈಯನ್ನು ನೆಲಕ್ಕೂ ಚಾಚಿ, ಎಡಗಾಲೂರಿ ಸುತ್ತುವ ಸಾಧಕರ ಬಿಳಿ ನಿಲುವಂಗಿ ಕಫನದ, ಅಂದರೆ ಶವಕ್ಕೆ ಹೊದಿಸುವ ಬಟ್ಟೆಯ, ಸಂಕೇತವಾದರೆ, ಎತ್ತರದ ಉಣ್ಣೆಯ ಟೋಪಿ ‘ನಾನು’ ಎಂಬುದರ ಗೋರಿಗಲ್ಲು. ‘ನೃತ್ಯ’ ಎಂದೊಡನೆ ಅಭಿನಯವೂ ಅಲಂಕಾರವೂ ಮುಂದೆ ಬಂದು, ಆಲಿಸುವಿಕೆ ಹಿಂದೆ ಸರಿಯುತ್ತದೆ. ಸೂಫಿಗಳದೇ ಹಾಡಿಕೆಯಾದ ಕವ್ವಾಲಿಗೆ ಈ ಗತಿ ಬರಲಿಲ್ಲ. 1985ರಲ್ಲಿ ಪಾಕಿಸ್ತಾನದ ಗಾಯಕ ನುಸ್ರತ್ ಫತೇ ಅಲಿ ಖಾನರು ಇಂಗ್ಲೆಂಡಿನ ವೊಮ್ಯಾಡ್ ಸಂಗೀತೋತ್ಸವದಲ್ಲಿ ಹಾಡಿದಾಗಲೂ ಅದು ಕವ್ವಾಲಿಯೇ ಆಗಿತ್ತು.

ಆದರೆ ಪ್ರೇಕ್ಷಕರೂ ಸೆಮಾದ ಚರಿತ್ರೆಗೆ ಸೇರಿದವರೇ. 1925ರಲ್ಲಿ ತುರ್ಕಿ ಗಣರಾಜ್ಯ ಸೂಫಿ ಮಠಗಳನ್ನು ಮುಚ್ಚಿಸಿತು. 1950ರ ದಶಕದಲ್ಲಿ ಕೊನ್ಯಾ ನಗರದಲ್ಲಿ ಸೆಮಾ ಮತ್ತೆ ಬಹಿರಂಗವಾಗಿ ನಡೆದದ್ದು ಸಾಂಸ್ಕೃತಿಕ ಕಾರ್ಯಕ್ರಮವೆಂಬ ನೆಲೆಯಲ್ಲಿ. 2008ರಲ್ಲಿ ಅದು ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಇಂದು ಇಸ್ತಾಂಬುಲ್‌ನಲ್ಲಿ ಪ್ರವಾಸಿಗರಿಗಾಗಿ ಟಿಕೆಟ್ಟಿಟ್ಟು ನಡೆಸುವ ಪ್ರದರ್ಶನಗಳಿವೆ. ಹೆಂಗಸರೂ ಗಂಡಸರೂ ಜೊತೆಯಾಗಿ ಸುತ್ತುವ, ಸಾಧನೆಯನ್ನೇ ಉಳಿಸಿಕೊಂಡ ಗುಂಪುಗಳೂ ಇವೆ. ಇವನ್ನೆಲ್ಲ ಒಂದೇ ಪದದಡಿ ತರುವುದು ಅನ್ಯಾಯವೆಂದು ನನಗನ್ನಿಸುತ್ತದೆ.

ನಮ್ಮ ಮಲೆನಾಡಿನ ಮಾತಿನಲ್ಲಿ ಈ ವಿವೇಚನೆ ಮೊದಲಿನಿಂದಲೂ ಇದೆ. ಯಕ್ಷಗಾನದ ಪ್ರಸಂಗ ಒಂದೇ ಆಗಿದ್ದರೂ ಹರಕೆ ತೀರಿಸಲು ಆಡಿಸುವ ಹರಕೆಯಾಟವನ್ನೂ ಟಿಕೆಟ್ಟಿಟ್ಟು ಆಡುವ ಡೇರೆ ಮೇಳದ ಆಟವನ್ನೂ ಯಾರೂ ಒಂದೆಂದು ಭಾವಿಸುವುದಿಲ್ಲ. ಇದನ್ನು ಅನುಸರಿಸಿ, ಆಚರಣೆಗೆ ‘ಸಮಾ ಸೇವೆ’, ರಂಗದ ಮೇಲಿನದಕ್ಕೆ ‘ಸಮಾ ಪ್ರದರ್ಶನ’ ಎಂದು ಬರೆಯಬಹುದೆ? ತಾಳದ ‘ಸಮ’ದೊಡನೆ ಗೊಂದಲವಾಗುವುದಾದರೆ ತುರ್ಕಿಯ ‘ಸೆಮಾ’ ರೂಪವನ್ನೇ ಉಳಿಸಿಕೊಳ್ಳುವುದು ಲೇಸೆ?

ಇನ್ನೊಂದು ಪದದ ಬಗ್ಗೆ ನನಗೆ ಅಷ್ಟು ಅನುಮಾನವಿಲ್ಲ. ರೂಮಿ ತೀರಿಕೊಂಡ ಡಿಸೆಂಬರ್ 17ರ ಸ್ಮರಣೆಯನ್ನು ತುರ್ಕರು ‘ಶೆಬ್-ಇ ಅರೂಸ್’, ಅಂದರೆ ಮದುವೆಯ ರಾತ್ರಿ, ಎನ್ನುತ್ತಾರೆ. ನಮ್ಮ ದರ್ಗಾಗಳ ‘ಉರುಸು’ ಕೂಡ ಅದೇ ಅರಬ್ಬಿ ಧಾತುವಿನಿಂದ ಬಂದದ್ದು. ಆದ್ದರಿಂದ ‘ರೂಮಿಯ ಉರುಸು’ ಎಂದೇ ಬರೆಯಲು ನಿಶ್ಚಯಿಸಿದ್ದೇನೆ.

ಸಾಗರ, ತೀರ್ಥಹಳ್ಳಿ, ಭದ್ರಾವತಿಯ ಕಡೆ ಉರುಸಿನ ರಾತ್ರಿ ಕವ್ವಾಲಿ ಕೇಳಲು ಕೂಡುವುದಕ್ಕೆ ಹಿರಿಯರು ‘ಮೆಹಫಿಲ್’ ಅಲ್ಲದೆ ಬೇರೆ ಮಾತನ್ನು, ಕನ್ನಡದ್ದಾಗಲಿ ದಖನಿಯದ್ದಾಗಲಿ, ಬಳಸುತ್ತಾರೆಯೆ? ಬಲ್ಲವರು ಊರಿನ ಹೆಸರಿನೊಂದಿಗೆ ತಿಳಿಸಬೇಕಾಗಿ ವಿನಂತಿ.