ಘಾಟಿ ದಾರಿಯಲ್ಲಿ ಲಾರಿಯ ಏರ್ ಪೈಪ್ ಸೋರಿದರೆ ಏನು ಮಾಡಬೇಕು?

ಪ್ರಶ್ನೆ: ಹೊಸನಗರದಿಂದ ಹುಲಿಕಲ್ ಘಾಟಿಯ ಮೂಲಕ ಕುಂದಾಪುರದ ಕಡೆಗೆ ಓಡುವ ನಮ್ಮ ಲಾರಿಯಲ್ಲಿ, ಹಿಂದಿನ ಬ್ರೇಕಿಗೆ ಗಾಳಿ ಒಯ್ಯುವ ನೈಲಾನ್ ಪೈಪ್ ಚಾಸಿಗೆ ಉಜ್ಜಿ ಸೋರುತ್ತಿದೆ. ಗ್ಯಾರೇಜ್ ಸಿಗುವವರೆಗೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿ ಓಡಿಸಬಹುದೇ?

ಉತ್ತರ 1: ದಯವಿಟ್ಟು ಬೇಡ, ಸುಮಾರು 8 ಬಾರ್ ಒತ್ತಡದ ಮುಂದೆ ರಬ್ಬರ್ ಸುತ್ತು ನಿಲ್ಲುವುದಿಲ್ಲ. ಚಕ್ರಗಳಿಗೆ ಕಲ್ಲು ಕೊಟ್ಟು, ಟ್ಯಾಂಕಿನ ಗಾಳಿಯನ್ನು ಪೂರ್ತಿ ಬಿಟ್ಟು, ಸವೆದ ಭಾಗವನ್ನು ಹರಿತವಾದ ಬ್ಲೇಡಿನಿಂದ ನೇರವಾಗಿ ಕತ್ತರಿಸಿ, ಅದೇ ಅಳತೆಯ ಏರ್ ಬ್ರೇಕ್ ಜಾಯಿಂಟರ್‌ಗೆ (ಪೈಪಿನ ತುದಿಗಳನ್ನು ಜೋಡಿಸುವ ಬಿಡಿಭಾಗ) ಎರಡೂ ತುದಿಗಳನ್ನು ತಳ ಮುಟ್ಟುವವರೆಗೆ ಒತ್ತಬೇಕು. ಓರೆಯಾಗಿ ಕತ್ತರಿಸಿದ ತುದಿಯನ್ನು ಒಳಗಿನ ಸೀಲ್ ಸರಿಯಾಗಿ ಹಿಡಿಯುವುದಿಲ್ಲ. ಗಾಳಿ ತುಂಬಿದ ಮೇಲೆ ಸೋಪಿನ ನೀರು ಹಚ್ಚಿ, ಒಬ್ಬರು ಬ್ರೇಕ್ ಪೆಡಲ್ ಒತ್ತಿ ಹಿಡಿದಿರುವಾಗಲೂ ಗುಳ್ಳೆ ಏಳುತ್ತದೆಯೇ ಎಂದು ನೋಡಿರಿ. ನಮ್ಮ ಆಷಾಢದ ಮಳೆಯಲ್ಲಿ ಸೋಪು ನಿಲ್ಲುವುದೇ ಕಷ್ಟ, ಅದು ಬೇರೆ ಮಾತು.

ಉತ್ತರ 2: ಗಾಳಿ ತೀರಾ ಇಳಿದಾಗ, ಗಾಳಿಯ ಒತ್ತಡವೇ ತಡೆದು ಹಿಡಿದಿದ್ದ ಸ್ಪ್ರಿಂಗ್ ಬ್ರೇಕ್ ತಾನಾಗಿಯೇ ಹಿಡಿದು ಲಾರಿ ತಿರುವಿನಲ್ಲೇ ನಿಂತುಬಿಡುತ್ತದೆ. ಆಗ ಆ ಸ್ಪ್ರಿಂಗ್ ಇರುವ ಚೇಂಬರಿನ (ಡಬ್ಬಿಯ) ಬೋಲ್ಟ್ ತಿರುಗಿಸಿ ಬ್ರೇಕ್ ಬಿಡಿಸಿಕೊಂಡು ಘಾಟಿ ಇಳಿಯುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಆ ಬೋಲ್ಟ್ ಇರುವುದು ಕೆಟ್ಟ ಗಾಡಿಯನ್ನು ಎಳೆದೊಯ್ಯುವುದಕ್ಕೆ.

ಉತ್ತರ 3: ಜಾಯಿಂಟರ್ ಹಾಕಿದರೂ ಲೋಡಿನೊಂದಿಗೆ ಘಾಟಿ ಇಳಿಯಬೇಡಿ. ಘಾಟಿ ಇಳಿಯುವ ಮೊದಲೇ ಸಿಗುವ ಮಾಸ್ತಿಕಟ್ಟೆಯಲ್ಲೇ ನಿಲ್ಲಿಸಿ ಮೆಕ್ಯಾನಿಕ್‌ನನ್ನು ಕರೆಸಿ, ಪೈಪನ್ನೇ ಬದಲಿಸಿ, ಉಜ್ಜುವ ಜಾಗಕ್ಕೆ ಕ್ಲಿಪ್ ಹಾಕಿಸಿರಿ.